ಗೊಟ್ಟ ಹಿಡಿಯಲು ಯಾರ ಅಪ್ಪಣೆ ಬೇಕು?

ಪ್ರಶ್ನೆ: ನನಗೆ 34 ವರ್ಷ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿ ಈಗ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ತಾತ ಚನ್ನಪಟ್ಟಣದ ಕಡೆಯ ನಮ್ಮೂರಿನಲ್ಲಿ ದನಕರುಗಳಿಗೆ ನಾಟಿ ಔಷಧಿ ಕೊಡುತ್ತಿದ್ದರು. ದನಗಳಿಗೆ ಔಷಧಿ ಕುಡಿಸುತ್ತಿದ್ದ ಅವರ ಬಿದಿರಿನ ಗೊಟ್ಟ ಮತ್ತು ಒಂದು ಕೈಬರಹದ ಪುಸ್ತಕ ನನ್ನ ಬಳಿ ಇವೆ. ಪ್ರಾಣಿಗಳ ಗಿಡಮೂಲಿಕೆ ಚಿಕಿತ್ಸೆಯಲ್ಲಿ 'ವೃತ್ತಿಪರ ಪ್ರಮಾಣಪತ್ರ' ಕೊಡುವ ಆರು ವಾರದ ಆನ್‌ಲೈನ್ ಕೋರ್ಸ್‌ಗೆ ಸೇರಬೇಕೆಂದಿದ್ದೇನೆ. ಶುಲ್ಕ 48,000 ರೂಪಾಯಿ, ಅಂತರರಾಷ್ಟ್ರೀಯ ಮಾನ್ಯತೆ ಇದೆ ಎನ್ನುತ್ತಾರೆ. 5,000 ಮುಂಗಡ ಕಟ್ಟಿದ್ದೇನೆ. ಇದನ್ನು ಮುಗಿಸಿ ಮನೆಯಲ್ಲೇ ಸಾಕುಪ್ರಾಣಿಗಳ ಗಿಡಮೂಲಿಕೆ ಚಿಕಿತ್ಸಾಲಯ ತೆರೆಯಬಹುದೇ? ಬಿ.ಎ.ಎಂ.ಎಸ್. (ಆಯುರ್ವೇದ ವೈದ್ಯ ಪದವಿ) ಮಾಡಿರುವ ನನ್ನ ತಂಗಿಯೂ ಜೊತೆಗೂಡಿದರೆ ಕಾನೂನಿನ ತೊಡಕು ಇರುವುದಿಲ್ಲ ಅಲ್ಲವೇ? ಅಂದ ಹಾಗೆ, ನಮ್ಮ 11 ವರ್ಷದ ಪಮೇರಿಯನ್‌ಗೆ ಹೃದಯದ ಮಾತ್ರೆ ನಡೆಯುತ್ತಿದೆ. ಕೆಮ್ಮಿಗೆ ನಾನೇ ಜ್ಯೇಷ್ಠಮಧುವಿನ ಕಷಾಯ ಕಾಯಿಸಿ ಕೊಡುತ್ತಿದ್ದೇನೆ, ಸ್ವಲ್ಪ ಗುಣ ಕಾಣುತ್ತಿದೆ.
— ಒಬ್ಬ ಓದುಗರು, ಕೆಂಗೇರಿ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ಮೊದಲು ಎತ್ತಿಕೊಳ್ಳುತ್ತೇನೆ. ಕೋರ್ಸು, ಕಾನೂನು, ಚಿಕಿತ್ಸಾಲಯ ಇವೆಲ್ಲ ಒಂದು ವಾರ ತಡವಾದರೆ ನಷ್ಟವಿಲ್ಲ. ಆ ಕಷಾಯವನ್ನು ಮಾತ್ರ ಇವತ್ತೇ ನಿಲ್ಲಿಸಿ. ಹೃದಯದ ಮಾತ್ರೆಯನ್ನು ನಿಲ್ಲಿಸಬೇಡಿ. ನಾಯಿಯನ್ನು ನೋಡುತ್ತಿರುವ ಪಶುವೈದ್ಯರಿಗೆ ಫೋನ್ ಮಾಡಿ, ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಕೊಟ್ಟಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಎಂದು ಅವರು ಪರೀಕ್ಷೆ ಮಾಡಿಸಲಿ.

ವಯಸ್ಸಾದ ಸಣ್ಣ ತಳಿಯ ನಾಯಿಗಳಲ್ಲಿ ಹೃದಯದ ಎಡಗಡೆಯ ಕವಾಟ ದಪ್ಪಗಾಗಿ ಸೋರುವುದು ತೀರಾ ಸಾಮಾನ್ಯ. ಹೃದಯ ಹಿಗ್ಗಿ ಶ್ವಾಸನಾಳವನ್ನು ಒತ್ತುತ್ತದೆ, ಇಲ್ಲವೇ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಆಗ ನಾಯಿ ಕೆಮ್ಮುತ್ತದೆ. ಮಾತ್ರೆಯ ಹೆಸರನ್ನು ನೀವು ಬರೆದಿಲ್ಲ. ಆದರೆ ಇಂಥ ನಾಯಿಗಳಿಗೆ ಸಾಮಾನ್ಯವಾಗಿ ಬರೆಯುವುದರಲ್ಲಿ ಫ್ಯುರೊಸೆಮೈಡ್ ಒಂದು. ಅದು ಮೂತ್ರ ಹೆಚ್ಚಿಸಿ ದೇಹದ ನೀರನ್ನು ಇಳಿಸುತ್ತದೆ, ನೀರಿನ ಜೊತೆಗೆ ಪೊಟ್ಯಾಸಿಯಂ ಕೂಡ ಹೋಗುತ್ತದೆ. ಜ್ಯೇಷ್ಠಮಧುವಿನಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶ ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತದೆ, ಪೊಟ್ಯಾಸಿಯಮ್ಮನ್ನು ಇನ್ನಷ್ಟು ಹೊರಗೆ ಕಳಿಸುತ್ತದೆ. ಮಾತ್ರೆ ತೋಡಿ ಹಾಕಿದ ನೀರನ್ನು ಕಷಾಯ ಮತ್ತೆ ತುಂಬುತ್ತಿದೆ. ಪೊಟ್ಯಾಸಿಯಂ ವಿಷಯದಲ್ಲಿ ಮಾತ್ರ ಎರಡೂ ಸೇರಿಕೊಂಡು ಖಾಲಿ ಮಾಡುತ್ತಿವೆ. ಪೊಟ್ಯಾಸಿಯಂ ತೀರಾ ಇಳಿದರೆ ಹೃದಯದ ಬಡಿತದ ಲಯ ತಪ್ಪುತ್ತದೆ. 'ಗುಣ ಕಾಣುತ್ತಿದೆ' ಎಂದಿದ್ದೀರಿ. ಕಾಣುತ್ತದೆ. ಆ ಬೇರಿನ ರಸ ಗಂಟಲಿಗೆ ತಂಪಾಗಿ ಅಂಟಿಕೊಳ್ಳುತ್ತದೆ, ಕೆರೆತ ಕಡಿಮೆಯಾಗುತ್ತದೆ. ಕೆಮ್ಮು ಹುಟ್ಟಿದ ಜಾಗದಲ್ಲಿ ಏನೂ ಬದಲಾಗಿರುವುದಿಲ್ಲ.

ನಿಮ್ಮನ್ನು ಬೈಯಲು ಇದನ್ನು ಹೇಳಲಿಲ್ಲ. ನೀವು ಕೇಳಿದ್ದಕ್ಕೆ ಅರ್ಧ ಉತ್ತರ ಇದರಲ್ಲೇ ಇದೆ. ಜ್ಯೇಷ್ಠಮಧು ಕೆಮ್ಮಿಗೆ ಒಳ್ಳೆಯದು ಎಂದು ತಿಳಿದಿರುವುದು ಗಿಡದ ತಿಳಿವಳಿಕೆ. ಈ ನಾಯಿಯ ಈ ಕೆಮ್ಮು ಎಲ್ಲಿಂದ ಬಂತು ಎಂದು ತಿಳಿಯುವುದು ವೈದ್ಯ. ಆರು ವಾರದ ಕೋರ್ಸುಗಳು ಮಾರುವುದು ಮೊದಲನೆಯದನ್ನು. ಪ್ರಾಣಿಗಳು ಸಾಯುವುದು ಎರಡನೆಯದು ಇಲ್ಲದೆ.

ಈಗ ಕಾನೂನು. ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಬಂದದ್ದು 1984ರಲ್ಲಿ. ಅದರ 30ನೇ ಸೆಕ್ಷನ್ ಪ್ರಕಾರ ನೋಂದಾಯಿತ ಪಶುವೈದ್ಯರನ್ನು ಬಿಟ್ಟು ಬೇರೆ ಯಾರೂ ಪಶುವೈದ್ಯ ವೃತ್ತಿ ನಡೆಸುವಂತಿಲ್ಲ, ಪ್ರಾಣಿಯ ಆರೋಗ್ಯದ ಪ್ರಮಾಣಪತ್ರಕ್ಕೆ ಸಹಿ ಹಾಕುವಂತಿಲ್ಲ, ನ್ಯಾಯಾಲಯದಲ್ಲಿ ಪಶುವೈದ್ಯಕೀಯ ತಜ್ಞರೆಂದು ಸಾಕ್ಷಿ ಹೇಳುವಂತಿಲ್ಲ. ನೋಂದಣಿಗೆ ಮಾನ್ಯತೆ ಪಡೆದ ಪಶುವೈದ್ಯ ಪದವಿ ಬೇಕು; ಇಂಟರ್ನ್‌ಶಿಪ್ ಸೇರಿ ಅದು ಐದೂವರೆ ವರ್ಷದ ಓದು. ನಮ್ಮ ಹೆಬ್ಬಾಳದ ಕಾಲೇಜು 1958ರಿಂದ ಇದನ್ನು ಕಲಿಸುತ್ತಿದೆ. ಕಾಯ್ದೆಯಲ್ಲಿ ಒಂದು ಸಣ್ಣ ಕಿಂಡಿ ಇದೆ. ಪಶುಸಂಗೋಪನೆಯಲ್ಲಿ ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಪಡೆದವರು ರಾಜ್ಯ ಸರ್ಕಾರ ಅನುಮತಿಸಿದರೆ, ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಲಸಿಕೆ ಹಾಕುವುದು, ಹೋರಿಯ ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಇಂಥ ಪ್ರಾಥಮಿಕ ಕೆಲಸಗಳನ್ನು ಮಾಡಬಹುದು. ಆ ಕಿಂಡಿಯಲ್ಲಿ ಆನ್‌ಲೈನ್ ಸರ್ಟಿಫಿಕೇಟು ತೂರುವುದಿಲ್ಲ.

'ನಾನು ಇಂಜೆಕ್ಷನ್ ಕೊಡುವುದಿಲ್ಲ, ಸೊಪ್ಪು ಕೊಡುತ್ತೇನೆ, ಅದು ಪಶುವೈದ್ಯವಲ್ಲ' ಎಂದು ವಾದಿಸುವವರು ಇದ್ದಾರೆ. ಬೋರ್ಡು ಹಾಕಿಕೊಂಡು, ಪ್ರಾಣಿಯನ್ನು ನೋಡಿ, ಇಂಥ ರೋಗ ಎಂದು ಹೇಳಿ, ಔಷಧಿ ಕೊಟ್ಟು, ದುಡ್ಡು ತೆಗೆದುಕೊಂಡರೆ ಅದನ್ನು ನಾನು ಪಶುವೈದ್ಯ ವೃತ್ತಿ ಎಂದೇ ಓದುತ್ತೇನೆ. ಆ ವಾದ ನಿಲ್ಲುತ್ತದೋ ಬೀಳುತ್ತದೋ ಎಂದು ನಿಮ್ಮ ಖರ್ಚಿನಲ್ಲಿ ನ್ಯಾಯಾಲಯದಲ್ಲಿ ಪರೀಕ್ಷೆ ಮಾಡಲು ಹೋಗಬೇಡಿ. ನಿಮ್ಮ ಮನೆಯ ನಾಯಿಯ ಗಾಯಕ್ಕೆ ಅರಿಸಿನ ಹಚ್ಚಿದರೆ ಯಾರೂ ಬಂದು ಕೇಳುವುದಿಲ್ಲ. ಪಕ್ಕದ ಬೀದಿಯವರ ನಾಯಿಗೆ ಶುಲ್ಕ ಪಡೆದು ಹಚ್ಚಿದ ಮೇಲೆ ಅದು ಬೇರೆಯೇ ಮಾತು.

ತಂಗಿಯ ವಿಷಯದಲ್ಲೂ ಇದೇ ಉತ್ತರ. ಅವರ ನೋಂದಣಿ ಮನುಷ್ಯರ ಚಿಕಿತ್ಸೆಗೆ. ಹಾಗೆ ನೋಡಿದರೆ ಪಶುವೈದ್ಯ ವೃತ್ತಿಯ ನಾನೂ ನಿಮ್ಮ ಶೀತಕ್ಕೆ ಮಾತ್ರೆ ಬರೆಯುವಂತಿಲ್ಲ! ಆಯುಷ್ ಸಚಿವಾಲಯವೂ ಕೇಂದ್ರದ ಪಶುಸಂಗೋಪನಾ ಇಲಾಖೆಯೂ 2021ರ ಏಪ್ರಿಲ್‌ನಲ್ಲಿ ಒಂದು ಒಪ್ಪಂದ ಮಾಡಿಕೊಂಡು, ಆಯುರ್ವೇದವನ್ನು ಪಶುವೈದ್ಯಕ್ಕೆ ತರುವ ದಿಕ್ಕಿನಲ್ಲಿ ಹೆಜ್ಜೆ ಇಟ್ಟವು. 2024ರಲ್ಲಿ ಇಲಾಖೆ ಹೊರತಂದ ಚಿಕಿತ್ಸಾ ಮಾರ್ಗಸೂಚಿಯಲ್ಲಿ ನಾಟಿ ಪಶುವೈದ್ಯಕ್ಕೂ ಜಾಗ ಸಿಕ್ಕಿದೆ. ಇವು ಯಾವ ಔಷಧಿ ಕೊಡಬಹುದು ಎಂಬುದನ್ನು ಹಿಗ್ಗಿಸಿವೆಯೇ ಹೊರತು ಯಾರು ಕೊಡಬಹುದು ಎಂಬುದನ್ನು ಮುಟ್ಟಿಲ್ಲ. ತಂಗಿಗೆ ದ್ರವ್ಯಗುಣ, ಅಂದರೆ ಆಯುರ್ವೇದ ಹೇಳುವ ಔಷಧಿಗಳ ಗುಣ, ಚೆನ್ನಾಗಿ ಗೊತ್ತಿರುತ್ತದೆ, ಅದು ದೊಡ್ಡ ಆಸ್ತಿ. ಅದನ್ನು ಎಲ್ಲಿ ಹೂಡಬಹುದು ಎಂದು ಮುಂದೆ ಹೇಳುತ್ತೇನೆ.

'ಅಂತರರಾಷ್ಟ್ರೀಯ ಮಾನ್ಯತೆ' ಎಂಬ ಮಾತಿಗೆ ಬರೋಣ. ಹೊರದೇಶಗಳಲ್ಲಿ ಪ್ರಾಣಿಗಳ ಗಿಡಮೂಲಿಕೆ ಚಿಕಿತ್ಸೆಗೆ ಗಂಭೀರ ತರಬೇತಿ ಇದೆ, ಇಲ್ಲವೆಂದಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 1998ರಲ್ಲಿ ಆರಂಭವಾದ ಚೀ ಇನ್‌ಸ್ಟಿಟ್ಯೂಟ್ (ಈಗ ಚೀ ಯೂನಿವರ್ಸಿಟಿ) ಚೀನೀ ಪದ್ಧತಿಯ ಮೂಲಿಕೆ ಮತ್ತು ಸೂಜಿಚಿಕಿತ್ಸೆ ಕಲಿಸುತ್ತದೆ. ಅಲ್ಲಿ ಪ್ರಮಾಣಪತ್ರ ಪಡೆಯಬೇಕಾದರೆ ಮೊದಲು ಪಶುವೈದ್ಯರಾಗಿರಬೇಕು ಅಥವಾ ಪಶುವೈದ್ಯ ವಿದ್ಯಾರ್ಥಿಯಾಗಿರಬೇಕು. ಬ್ರಿಟನ್ನಿನಲ್ಲಿ 1966ರ ಪಶುವೈದ್ಯ ಕಾಯ್ದೆ ಇನ್ನೊಬ್ಬರ ಪ್ರಾಣಿಗೆ ಚಿಕಿತ್ಸೆ ಮಾಡುವುದನ್ನು ಪಶುವೈದ್ಯರಿಗೆ ಮೀಸಲಿಟ್ಟಿದೆ, ಮೂಲಿಕೆಯಾದರೂ ಅಷ್ಟೇ. ಅಂದರೆ ಅಲ್ಲಿಯ ಪ್ರಮಾಣಪತ್ರ ಪದವಿಯ ಮೇಲೆ ಕಟ್ಟಿದ ಮಹಡಿ. ನಿಮಗೆ ಮಾರುತ್ತಿರುವುದು ನೆಲಮಾಳಿಗೆಯೂ ಇಲ್ಲದ, ಗೋಡೆಯೂ ಇಲ್ಲದ ಬರಿಯ ಮಹಡಿ. 'ಮಾನ್ಯತೆ ಕೊಟ್ಟವರು ಯಾರು, ಅವರಿಗೆ ಆ ಅಧಿಕಾರ ಕೊಟ್ಟವರು ಯಾರು' ಎಂದು ಇಮೇಲ್ ಬರೆದು ಕೇಳಿ. ಉತ್ತರದಲ್ಲಿ ಯಾವುದಾದರೂ ದೇಶದ ಪಶುವೈದ್ಯ ಪರಿಷತ್ತಿನ ಹೆಸರು ಬಂದರೆ ನನಗೂ ತಿಳಿಸಿ.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿಕೊಂಡು ಒಬ್ಬರು ನನ್ನ ಬಳಿ ಕೆಲಸ ಕೇಳಿಕೊಂಡು ಬಂದಿದ್ದರು. ವಿನಯವಂತ ಮನುಷ್ಯ, ಗಿಡಗಳ ಸಂಸ್ಕೃತ ಹೆಸರುಗಳೆಲ್ಲ ಬಾಯಲ್ಲಿದ್ದವು. ಹೊಟ್ಟೆ ಉಬ್ಬರಿಸಿದ ಹಸುವಿಗೆ ಏನು ಕೊಡುತ್ತೀರಿ ಎಂದು ಕೇಳಿದೆ. ಇಂಗು, ಓಮ, ಎಣ್ಣೆ ಎಂದರು. ಸರಿ ಎಂದೆ. ಹಿತ್ತಲಿನಲ್ಲಿ ನಮ್ಮದೊಂದು ಹಸು ಕಟ್ಟಿತ್ತು; ಉಬ್ಬರವನ್ನು ಎಲ್ಲಿ ಮುಟ್ಟಿ ನೋಡುತ್ತೀರಿ, ತೋರಿಸಿ ಎಂದೆ. ಅವರು ಹಸುವಿನ ಬಲಮಗ್ಗುಲಿಗೆ ಹೋಗಿ ನಿಂತರು. ಮೆಲುಕು ಹಾಕುವ ದೊಡ್ಡ ಹೊಟ್ಟೆ ಇರುವುದು ಎಡಗಡೆ. ಅದು ಉಬ್ಬಿದರೆ ಎಡಗಡೆಯ ಪಕ್ಕೆಗುಳಿ ತುಂಬಿಕೊಂಡು, ಬೆರಳಿನಿಂದ ತಟ್ಟಿದರೆ ತಮಟೆಯ ಹಾಗೆ ಸದ್ದು ಮಾಡುತ್ತದೆ. ನಿಮ್ಮ ತಾತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಮನುಷ್ಯನ ಆರು ವಾರದಲ್ಲಿ ಒಂದು ದಿನವೂ ಒಂದು ಹಸುವಿನ ಮೈ ಮುಟ್ಟಿಸಿರಲಿಲ್ಲ.

ಪ್ರಾಣಿ ಎಂದರೆ ಸಣ್ಣ ಮನುಷ್ಯ ಎಂದುಕೊಂಡು ಡೋಸು ಇಳಿಸುವುದೇ ಈ ಕ್ಷೇತ್ರದ ದೊಡ್ಡ ರೋಗ. ಬೆಕ್ಕನ್ನೇ ತೆಗೆದುಕೊಳ್ಳಿ. ನಮ್ಮ ಯಕೃತ್ತು ಹಲವು ರಾಸಾಯನಿಕಗಳಿಗೆ ಗ್ಲುಕುರೋನಿಕ್ ಆಮ್ಲವನ್ನು ಅಂಟಿಸಿ ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಕೆಲಸ ಸರಿಯಾಗಿ ಬರುವುದಿಲ್ಲ. ಹಾಗಾಗಿಯೇ ಒಂದು ಪ್ಯಾರಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು, ಹಾಗಾಗಿಯೇ ಸುಗಂಧ ತೈಲಗಳು ಬೆಕ್ಕಿಗೆ ಅಪಾಯ. ಈರುಳ್ಳಿ ಬೆಳ್ಳುಳ್ಳಿ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, 'ಹುಳಕ್ಕೆ ಬೆಳ್ಳುಳ್ಳಿ' ಎಂಬ ಸಲಹೆ ಮಾತ್ರ ವಾಟ್ಸ್ಆ್ಯಪ್‌ನಲ್ಲಿ ಸಾಯುವುದೇ ಇಲ್ಲ. ಮನೆಯಲ್ಲಿ ಅಜ್ಜಿಗೆ ತಂದಿಟ್ಟ ದ್ರಾಕ್ಷಾರಿಷ್ಟವನ್ನು ಸೊರಗಿದ ನಾಯಿಗೆ ಎರಡು ಚಮಚ ಕುಡಿಸಿದವರನ್ನು ಕಂಡಿದ್ದೇನೆ. ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನೇ ಕೆಡಿಸುತ್ತದೆ. ಅರಿಷ್ಟದಲ್ಲಿ ಹುದುಗಿ ಹುಟ್ಟಿದ ಮದ್ಯಸಾರ ಬೇರೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಒಳಗೇ. ಪಂದ್ಯದ ಕುದುರೆಯಾದರೆ ಇನ್ನೊಂದು ತಲೆನೋವು: ಗಸಗಸೆ ತಿಂದರೂ ಮೂತ್ರದಲ್ಲಿ ಮಾರ್ಫಿನ್ ಸಿಕ್ಕಿ ಉದ್ದೀಪನ ಔಷಧಿಯ ಪ್ರಕರಣವಾಗುತ್ತದೆ. ರೇಸ್‌ಕೋರ್ಸ್ ರಸ್ತೆಯ ಲಾಯಗಳಲ್ಲಿ ಕೆಲಸ ಮಾಡಿದವರು 'ಬರೀ ಗಿಡಮೂಲಿಕೆ ಸಾರ್' ಎಂಬ ಮಾತಿಗೆ ನಗುವುದಿಲ್ಲ.

ಬೆಂಗಳೂರಿನಲ್ಲಿ ನಾನು ಅತಿ ಹೆಚ್ಚು ಕಾಣುವುದು ಪಪ್ಪಾಯಿ ಎಲೆಯ ಪ್ರಕರಣ. ಡೆಂಗಿ ಕಾಲದಲ್ಲಿ ಮನುಷ್ಯರಿಗೆ ಪ್ಲೇಟ್‌ಲೆಟ್ ಏರಲೆಂದು ಪಪ್ಪಾಯಿ ಎಲೆಯ ರಸ ಕುಡಿಸುವುದು ರೂಢಿಯಾಯಿತಲ್ಲ, ಅದೇ ಈಗ ನಾಯಿಗೂ ಬಂದಿದೆ. ಉಣ್ಣೆ ಕಚ್ಚಿ ಎರ್ಲಿಕಿಯಾ ಎಂಬ ಸೋಂಕು ತಗುಲಿದ ನಾಯಿಗೂ ಪ್ಲೇಟ್‌ಲೆಟ್ ಇಳಿಯುತ್ತದೆ. ಒಮ್ಮೆ ಒಂದು ಲ್ಯಾಬ್ರಡಾರ್ ನಾಯಿಯನ್ನು ಎಂಟು ದಿನ ಆ ರಸ ಕುಡಿಸಿದ ಮೇಲೆ ನನ್ನ ಬಳಿ ಎತ್ತಿಕೊಂಡು ಬಂದರು. ತುಟಿ ಎತ್ತಿ ನೋಡಿದರೆ ಒಸಡು ಬಿಳಿ ಕಾಗದದ ಹಾಗಿತ್ತು. ಬಲಗಡೆಯ ಮೂಗಿನ ಹೊಳ್ಳೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಹೊಟ್ಟೆಯ ಚರ್ಮದ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು. ಕಿವಿಯ ಮಡಿಕೆಯೊಳಗೆ ಹುರುಳಿ ಕಾಳಿನಂಥ ಎರಡು ಉಣ್ಣೆ ಇನ್ನೂ ಕಚ್ಚಿಕೊಂಡಿದ್ದವು. ಎಂಟು ದಿನದಲ್ಲಿ ಯಾರೂ ಅಲ್ಲಿ ನೋಡಿರಲಿಲ್ಲ. ಇನ್ನೊಂದು ನಾಯಿಯ ರಕ್ತ ಕೊಟ್ಟು, ಸುಮಾರು ನಾಲ್ಕು ವಾರ ಡಾಕ್ಸಿಸೈಕ್ಲಿನ್ ನುಂಗಿಸಿ ಉಳಿಸಿಕೊಂಡೆವು. ಪಪ್ಪಾಯಿ ರಸ ಆ ನಾಯಿಗೆ ವಿಷವಾಗಲಿಲ್ಲ. ಅದು ಎಂಟು ದಿನಗಳನ್ನು ತಿಂದುಹಾಕಿತು.

ಇಷ್ಟೆಲ್ಲ ಓದಿ ನಾನು ಗಿಡಮೂಲಿಕೆಯ ವಿರೋಧಿ ಎಂದುಕೊಳ್ಳಬೇಡಿ. ಕೆಚ್ಚಲು ಬಾವಿಗೆ ನಾನೇ ಮೂಲಿಕೆಯ ಲೇಪ ಬರೆದುಕೊಡುತ್ತೇನೆ. ಯಲಹಂಕದ ಬಳಿ ಜಾರಕಬಂಡೆ ಕಾವಲಿನಲ್ಲಿರುವ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದವರು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ಜೊತೆ ಸೇರಿ ಹಾಲಿನ ಒಕ್ಕೂಟಗಳ ರೈತರಿಗೆ ಹರಡಿದ ಪಾಕ ಅದು. ಲೋಳೆಸರ 250 ಗ್ರಾಂ, ಅರಿಸಿನದ ಪುಡಿ 50 ಗ್ರಾಂ, ಎಲೆ ಅಡಿಕೆಗೆ ಹಾಕುವ ಸುಣ್ಣ 15 ಗ್ರಾಂ. ಲೋಳೆಸರದ ಮುಳ್ಳು ತೆಗೆದು, ಸಿಪ್ಪೆ ಸಮೇತ ಹೆಚ್ಚಿ, ಮೂರನ್ನೂ ಒಟ್ಟಿಗೆ ರುಬ್ಬಬೇಕು. ಸುಣ್ಣ ತಾಗಿದೊಡನೆ ಅರಿಸಿನ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ, ಮಿಕ್ಸಿಯ ಜಾರು ಒಂದು ವಾರ ಕೆಂಪಾಗಿಯೇ ಇರುತ್ತದೆ. ಮನೆಯ ಹೆಂಗಸರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಕೆಚ್ಚಲಿನ ಹಾಲನ್ನು ಪೂರ್ತಿ ಹಿಂಡಿ ತೆಗೆದು, ತೊಳೆದು, ಒಂದು ಹಿಡಿ ಮುದ್ದೆಗೆ 150ರಿಂದ 200 ಮಿಲಿಲೀಟರ್ ನೀರು ಬೆರೆಸಿ ತೆಳ್ಳಗೆ ಮಾಡಿ, ಕೆಚ್ಚಲಿಗೆಲ್ಲ ಬಳಿಯಬೇಕು. ದಿನಕ್ಕೆ ಹತ್ತು ಸಲ, ಐದು ದಿನ. ಪ್ರತಿದಿನ ಹೊಸದಾಗಿ ರುಬ್ಬಬೇಕು. ಜೊತೆಗೆ ಮೂರು ದಿನ ದಿನಕ್ಕೆ ಎರಡು ನಿಂಬೆಹಣ್ಣು ಹೆಚ್ಚಿ ತಿನ್ನಿಸಬೇಕು.

ಹತ್ತು ಸಲ ಎಂಬುದನ್ನು ಗಮನಿಸಿ. ಎರಡು ಸಲ ಹಚ್ಚಿ 'ನಾಟಿ ಔಷಧಿ ಕೆಲಸ ಮಾಡುವುದಿಲ್ಲ' ಎನ್ನುವವರೇ ಹೆಚ್ಚು. ಇನ್ನೊಂದು, ಈ ಲೇಪ ಹಚ್ಚುವ ಮೊದಲು ನಾನು ನಾಲ್ಕೂ ಮೊಲೆಯ ಹಾಲನ್ನು ತಟ್ಟೆಯ ನಾಲ್ಕು ಗುಳಿಗೆ ಹಿಂಡಿ, ಪರೀಕ್ಷೆಯ ದ್ರಾವಣ ಬೆರೆಸಿ ಅಲ್ಲಾಡಿಸುತ್ತೇನೆ. ಬಾವು ಇರುವ ಮೊಲೆಯ ಹಾಲು ಲೋಳೆಯಾಗಿ ಗಟ್ಟಿಯಾಗುತ್ತದೆ. ಹಸುವಿಗೆ ಜ್ವರ ಬಂದು, ಮೇವು ಬಿಟ್ಟು, ಕೆಚ್ಚಲು ಕಲ್ಲಾಗಿದ್ದರೆ ಬರಿಯ ಲೇಪಕ್ಕೆ ಕಾಯುವುದಿಲ್ಲ. ಲೇಪದಿಂದ ಗುಣವಾಗುವಲ್ಲಿ ಆ್ಯಂಟಿಬಯಾಟಿಕ್ ತಪ್ಪಿದರೆ ಹಾಲಿಗೆ ಅದರ ಶೇಷ ಸೇರುವುದೂ ತಪ್ಪುತ್ತದೆ. ಪ್ರಾಣಿಗಳ ಗಿಡಮೂಲಿಕೆ ವಿದ್ಯೆಗೆ ಇವತ್ತು ಇಷ್ಟು ಬೆಲೆ ಬಂದಿರುವುದು ಇದಕ್ಕಾಗಿ. 'ಕೆಮಿಕಲ್ ಇಲ್ಲ' ಎಂಬ ಜಾಹೀರಾತನ್ನು ನಂಬಬೇಡಿ. ಗ್ಲಿಸಿರೈಜಿನ್ ಕೂಡ ಕೆಮಿಕಲ್ಲೇ.

ಹಾಗಾದರೆ ನೀವೇನು ಮಾಡಬಹುದು? ಮತ್ತೆ ಐದೂವರೆ ವರ್ಷ ಓದಿ ಎಂದು ಹೇಳುವುದಿಲ್ಲ. ನಿಮ್ಮ ಕೈಯಲ್ಲಿರುವ ಸಸ್ಯಶಾಸ್ತ್ರವನ್ನು ನೀವೇ ಕಡೆಗಣಿಸಿದ್ದೀರಿ. ಈ ಕ್ಷೇತ್ರದಲ್ಲಿ ರೋಗ ತಿಳಿದ ಪಶುವೈದ್ಯರು ಸಿಗುತ್ತಾರೆ, ಗಿಡ ತಿಳಿದವರು ಸಿಗುವುದಿಲ್ಲ. ನಮ್ಮ ಊರಿನ ಬೀದಿ ಬೀದಿಯಲ್ಲಿ ಕಂಬದ ಹಾಗೆ ನೆಟ್ಟಗೆ ಬೆಳೆದು ನಿಂತಿರುವ ಮರವನ್ನು ಎಲ್ಲರೂ ಅಶೋಕ ಎನ್ನುತ್ತಾರೆ. ಔಷಧಿಯ ಅಶೋಕ ಬೇರೆ, ಕಿತ್ತಳೆ-ಕೆಂಪು ಹೂಗೊಂಚಲು ಬಿಡುವುದು. ಒಬ್ಬರು ಒಂದೆಲಗವನ್ನು ಬ್ರಾಹ್ಮಿ ಎನ್ನುತ್ತಾರೆ, ಇನ್ನೊಬ್ಬರು ನೀರುಬ್ರಾಹ್ಮಿಯನ್ನು ಬ್ರಾಹ್ಮಿ ಎನ್ನುತ್ತಾರೆ. ಚಿಕ್ಕಪೇಟೆಯ ಗ್ರಂಥಿಗೆ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಕೊಟ್ಟದ್ದು ಕೇಳಿದ್ದೇ ಹೌದೋ ಅಲ್ಲವೋ ಎಂದು ಮುರಿದು, ಮೂಸಿ, ಭೂತಗನ್ನಡಿಯಲ್ಲಿ ನೋಡಿ ಹೇಳಬಲ್ಲವರು ಬೇಕು. ಮೂಲಿಕೆ ಔಷಧಿ ಕಂಪನಿಗಳ ಗುಣಮಟ್ಟ ಪರೀಕ್ಷೆಯ ವಿಭಾಗಕ್ಕೆ ಇಂಥವರೇ ಬೇಕು. ಮಾಕಳಿಯ ಹಿಮಾಲಯದಂಥ ಕಂಪನಿ ಪ್ರಾಣಿಗಳ ಉತ್ಪನ್ನಗಳನ್ನೂ ಮಾಡುತ್ತದೆ. ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಸಸ್ಯಜನ್ಯ ಟ್ಯಾನಿನ್‌ಗಳನ್ನು ಬಳಸಿ 'ಹರಿತ್ ಧಾರಾ' ಎಂಬ ಮೇವಿನ ಪೂರಕ ಮಾಡಿದ್ದಾರೆ. ದನ ತೇಗಿ ಬಿಡುವ ಮೀಥೇನ್ ಅನಿಲವನ್ನು ಕಡಿಮೆ ಮಾಡಲು. ಅದು ಔಷಧಿಯಲ್ಲ, ಮೇವು. ಇಂಥ ಕಡೆ ಸಸ್ಯಶಾಸ್ತ್ರದವರಿಗೆ ಕೆಲಸವಿದೆ, ಯಾರ ನೋಂದಣಿಯೂ ಅಡ್ಡ ಬರುವುದಿಲ್ಲ.

ನೀವೂ ತಂಗಿಯೂ ಸೇರಿ ಉತ್ಪನ್ನ ತಯಾರಿಸುವ ಯೋಚನೆ ಮಾಡಿದರೆ ಒಂದು ತಪ್ಪು ತಿಳಿವಳಿಕೆಯನ್ನು ಈಗಲೇ ಬಿಡಿ. 'ಪ್ರಾಣಿಗೆ ತಾನೇ, ಲೈಸೆನ್ಸ್ ಏಕೆ' ಎಂದು ಬಹಳ ಮಂದಿ ಕೇಳುತ್ತಾರೆ. 1940ರ ಔಷಧಿ ಮತ್ತು ಪ್ರಸಾಧನ ಕಾಯ್ದೆ ಆಯುರ್ವೇದ ಔಷಧಿ ಎಂದರೆ ಏನು ಎಂದು ಹೇಳುವಾಗ ಮನುಷ್ಯರ ಜೊತೆಗೆ ಪ್ರಾಣಿಗಳನ್ನೂ ಹೆಸರಿಸಿದೆ. ನಾಯಿಯ ತುರಿಕೆಗೆ ಎಣ್ಣೆ ಕಾಯಿಸಿ, ಬಾಟಲಿಗೆ ಚೀಟಿ ಅಂಟಿಸಿ ಮಾರಿದರೂ ರಾಜ್ಯದ ಆಯುಷ್ ಪರವಾನಗಿ ಬೇಕು.

ಪ್ರಾಣಿಗಳ ಜೊತೆಗೇ ಇರಬೇಕೆಂಬ ಆಸೆ ಬಿಡದಿದ್ದರೆ, ನೋಂದಾಯಿತ ಪಶುವೈದ್ಯರೊಬ್ಬರ ಚಿಕಿತ್ಸಾಲಯದಲ್ಲಿ ಸೇರಿಕೊಳ್ಳಿ. ರೋಗ ಅವರು ಹೇಳಲಿ, ಔಷಧಿ ಅವರು ಬರೆಯಲಿ; ಗಿಡ ಗುರುತಿಸುವುದು, ಒಣಗಿಸುವುದು, ಯಾವ ಭಾಗ, ಯಾವ ಕಾಲದಲ್ಲಿ ಕೊಯ್ದದ್ದು, ಯಾವ ಮಾತ್ರೆಯ ಜೊತೆ ಹೊಂದುವುದಿಲ್ಲ ಎಂದು ದಾಖಲೆ ಇಡುವುದು ನಿಮ್ಮದಾಗಲಿ. ಇಂಥ ಜೋಡಿಯನ್ನು ಹುಡುಕುತ್ತಿರುವ ಕಿರಿಯ ವೈದ್ಯರು ಬೆಂಗಳೂರಿನಲ್ಲಿ ಇದ್ದಾರೆ. ತರಬೇತಿ ಬೇಕೆಂದರೆ ಜಾರಕಬಂಡೆಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿಯ ಮೂಲಿಕೆ ತೋಟದಲ್ಲಿ ಒಂದು ಬೆಳಿಗ್ಗೆ ಸುತ್ತಾಡಿದರೂ ಆರು ವಾರದ ವಿಡಿಯೊಗಿಂತ ಹೆಚ್ಚು ಸಿಗುತ್ತದೆ.

ಇನ್ನು ತಾತನ ಪುಸ್ತಕ. ನಿಮ್ಮ ಪತ್ರದಲ್ಲಿ ನನಗೆ ಆಸೆ ಹುಟ್ಟಿಸಿದ್ದು ಅದೊಂದೇ. ಪಶುವೈದ್ಯವನ್ನು ಕನ್ನಡದಲ್ಲಿ ಬರೆದಿಡುವುದು ನಮ್ಮಲ್ಲಿ ಹೊಸದೇನಲ್ಲ. ಹನ್ನೆರಡನೆಯ ಶತಮಾನದಲ್ಲೇ ಚಾಲುಕ್ಯರ ಮನೆತನದ ಕೀರ್ತಿವರ್ಮ 'ಗೋವೈದ್ಯ' ಬರೆದಿದ್ದ, ಅದರಲ್ಲಿ ಮದ್ದೂ ಇತ್ತು, ಮಂತ್ರವೂ ಇತ್ತು. ನಿಮ್ಮ ತಾತನ ಪುಸ್ತಕದಲ್ಲೂ ಎರಡೂ ಇರಬಹುದು. ಎರಡನ್ನೂ ಹಾಗೇ ನಕಲು ಮಾಡಿ, ತಿದ್ದಬೇಡಿ. 'ಒಂದು ಹಿಡಿ' ಎಂದಿದ್ದರೆ ಯಾರ ಹಿಡಿ, 'ಅಡಿಕೆ ಗಾತ್ರ' ಎಂದಿದ್ದರೆ ಹಸಿ ಅಡಿಕೆಯೋ ಒಣಗಿದ್ದೋ ಎಂದು ಊರಿನ ಹಿರಿಯರನ್ನು ಕೇಳಿ ಪಕ್ಕದಲ್ಲಿ ಬರೆದುಕೊಳ್ಳಿ. ರೋಗದ ಹೆಸರುಗಳನ್ನು ಒಬ್ಬ ಪಶುವೈದ್ಯರ ಜೊತೆ ಕೂತು ಬಿಡಿಸಿ. ಚಪ್ಪೆ ರೋಗ, ಗಳಲೆ ರೋಗ ಎಂದಿದ್ದರೆ ಅವಕ್ಕೆ ಈಗ ಲಸಿಕೆ ಇದೆ, ಸೊಪ್ಪಿನ ಮೇಲೆ ಭಾರ ಹಾಕಬೇಕಿಲ್ಲ. ದೊಡ್ಡ ರೋಗಕ್ಕೂ (ರಿಂಡರ್‌ಪೆಸ್ಟ್) ಒಂದು ಪುಟ ಇರುತ್ತದೆ, ಇಲ್ಲದಿದ್ದರೆ ನನಗೆ ಆಶ್ಚರ್ಯ. ಆ ರೋಗ ಹಟ್ಟಿಗೆ ಹಟ್ಟಿಯನ್ನೇ ಬರಿದು ಮಾಡುತ್ತಿದ್ದ ಕಾಲದಲ್ಲಿ, 1925ರಲ್ಲಿ, ಮೈಸೂರು ಸಂಸ್ಥಾನದವರು ಸೀರಂ ಸಂಸ್ಥೆ ಕಟ್ಟಿದರು. ಹೆಬ್ಬಾಳದಲ್ಲಿ ಈಗ ಲಸಿಕೆ ತಯಾರಿಸುವ ಸಂಸ್ಥೆ ಅದೇ. 2011ರಲ್ಲಿ ದೊಡ್ಡ ರೋಗ ಪ್ರಪಂಚದಿಂದಲೇ ತೊಲಗಿತು ಎಂದು ಘೋಷಣೆಯಾಯಿತು. ಅದನ್ನು ಓಡಿಸಿದ್ದು ಲಸಿಕೆ. ಆದರೂ ಆ ಪುಟವನ್ನು ಹರಿಯಬೇಡಿ. ಲಸಿಕೆ ಇಲ್ಲದ ಕಾಲದಲ್ಲಿ ಒಬ್ಬ ಮನುಷ್ಯ ಏನೇನು ಮಾಡಿ ನೋಡಿದ ಎಂಬುದು ಅಲ್ಲಿರುತ್ತದೆ.

ಪುಸ್ತಕದ ಫೋಟೊಗಳನ್ನು ಒಮ್ಮೆಲೇ ಎಲ್ಲರಿಗೂ ಹಂಚಿಬಿಡಬೇಡಿ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲೂ ಒಂದು ಸಮಿತಿ, ಊರಿನ ಗಿಡ, ಪ್ರಾಣಿ, ನಾಟಿ ತಿಳಿವಳಿಕೆಗಳನ್ನು ಬರೆದಿಡುವ ಒಂದು ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ನಿಮ್ಮೂರಿನ ದಾಖಲೆಯಲ್ಲಿ ತಾತನ ಹೆಸರಿನಲ್ಲಿ ಅದು ಸೇರಲಿ. ಭಾರತೀಯ ಗುಣಮಟ್ಟ ಮಂಡಳಿ ಸಾಂಪ್ರದಾಯಿಕ ವೈದ್ಯರ ಕೈಯ ಅನುಭವವನ್ನು ಪರೀಕ್ಷಿಸಿ ಸ್ವಯಂಪ್ರೇರಿತ ಪ್ರಮಾಣಪತ್ರ ಕೊಡುವ ಯೋಜನೆಯನ್ನೂ ನಡೆಸುತ್ತದೆ. ಅದು ರೂಪುಗೊಂಡಿದ್ದು ಮನುಷ್ಯರ ಆರೈಕೆ ಮಾಡುವವರಿಗಾಗಿ, ಮತ್ತು ಅದರಿಂದ ಕಾನೂನಿನ ಹಕ್ಕೇನೂ ಹುಟ್ಟುವುದಿಲ್ಲ. ಆದರೂ ಪ್ರಮಾಣೀಕರಣ ಎಂಬುದನ್ನು ಹೇಗೆ ಮಾಡಬಹುದು ಎಂದು ನೋಡಲು ಒಮ್ಮೆ ಓದಿ ನೋಡಿ.

ಗೊಟ್ಟವನ್ನು ಗೋಡೆಗೆ ತೂಗುಹಾಕಿ. ಬಳಸಲು ಹೋಗಬೇಡಿ. ಹಸುವಿನ ತಲೆಯನ್ನು ತೀರಾ ಮೇಲೆತ್ತಿ, ನಾಲಿಗೆ ಹಿಡಿದೆಳೆದು ಗೊಟ್ಟ ಸುರಿದರೆ ಔಷಧಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುತ್ತದೆ. ಒಳ್ಳೆಯ ಕಷಾಯವೇ ಹಸುವನ್ನು ಕೊಲ್ಲುತ್ತದೆ. ಎಷ್ಟು ಎತ್ತಬೇಕು, ಕೆಮ್ಮಿದೊಡನೆ ಹೇಗೆ ತಲೆ ಬಿಡಬೇಕು ಎಂಬುದು ನಿಮ್ಮ ತಾತನ ಮೊಣಕೈಯಲ್ಲಿತ್ತು. ಪುಸ್ತಕದಲ್ಲಿ ಬರೆದಿರಲಾರರು.

ಮುಂಗಡ 5,000 ರೂಪಾಯಿಯನ್ನು ಬರವಣಿಗೆಯಲ್ಲಿ ವಾಪಸು ಕೇಳಿ. 'ಈ ಪ್ರಮಾಣಪತ್ರದಿಂದ ಕರ್ನಾಟಕದಲ್ಲಿ ಪ್ರಾಣಿಗಳಿಗೆ ಚಿಕಿತ್ಸೆ ಮಾಡುವ ಹಕ್ಕು ಸಿಗುತ್ತದೆಯೇ, ಹೌದು ಅಥವಾ ಇಲ್ಲ ಎಂದು ತಿಳಿಸಿ' ಎಂಬ ಒಂದು ಸಾಲನ್ನೂ ಸೇರಿಸಿ. ಕೊಡದೆ ಸತಾಯಿಸಿದರೆ ಗ್ರಾಹಕರ ಸಹಾಯವಾಣಿ 1915 ಇದೆ. ಪಮೇರಿಯನ್‌ನ ರಕ್ತದ ವರದಿ ಬಂದ ಮೇಲೆ ಪೊಟ್ಯಾಸಿಯಂ ಎಷ್ಟಿತ್ತು ಎಂದು ನನಗೆ ಒಂದು ಸಾಲು ಬರೆಯಿರಿ.